ಕಟ್ಟದ ನೀರು ಕೆಂಪಾಗುವ ಮೊದಲು: ಜ್ಞಾನೋಕ್ತಿಗಳನ್ನು ದಿನದ ಬದುಕಿಗೆ ತರುವ ಬಗೆ

ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದಲ್ಲಿ 31 ಅಧ್ಯಾಯಗಳಿವೆ, 915 ವಚನಗಳಿವೆ. ತಾರೀಖಿಗೊಂದು ಅಧ್ಯಾಯದಂತೆ ತಿಂಗಳಿಗೊಮ್ಮೆ ಇಡೀ ಪುಸ್ತಕ ಓದುವ ರೂಢಿ ಅನೇಕ ಮನೆಗಳಲ್ಲಿದೆ. ಓದಲು ಐದು ನಿಮಿಷ ಸಾಕು. ಆದರೆ 10ನೆಯ ಅಧ್ಯಾಯ ದಾಟಿದ ಮೇಲೆ ಒಂದೊಂದು ಅಧ್ಯಾಯದಲ್ಲೂ ಇಪ್ಪತ್ತೈದು, ಮೂವತ್ತು ಬಿಡಿ ಮಾತುಗಳು. ಒಂದು ನಾಲಗೆಯದು, ಮುಂದಿನದು ತಕ್ಕಡಿಯದು, ಅದರ ಮುಂದಿನದು ಸೋಮಾರಿಯದು. ಓದಿ ಮುಚ್ಚಿಟ್ಟ ಮೇಲೆ ಸಂಜೆಗೆ ಒಂದೂ ನೆನಪಿರುವುದಿಲ್ಲ. ವರ್ಷಕ್ಕೆ ಹನ್ನೆರಡು ಸಲ ಓದಿದವರ ಸಿಟ್ಟು ಮೊದಲಿದ್ದಷ್ಟೇ ಇರುತ್ತದೆ. ತಪ್ಪು ಪುಸ್ತಕದ್ದಲ್ಲ, ಓದುವ ಕ್ರಮದ್ದು. ಈ ಮಾತುಗಳು ಒಂದೊಂದಾಗಿ ಬಾಯಲ್ಲಿಟ್ಟು ಅಗಿಯಬೇಕಾದವು.

ತಿಂಗಳಿಗೆ ಒಂದೇ ಗುಣವನ್ನು ಹಿಡಿಯಿರಿ. ಸಿಟ್ಟು, ಮಾತು, ದುಡ್ಡು, ಸೋಮಾರಿತನ, ಹೊಟ್ಟೆಕಿಚ್ಚು, ಇವುಗಳಲ್ಲಿ ಯಾವುದು ಎಂದು ನೀವೇ ತೀರ್ಮಾನಿಸಬೇಡಿ. ಮೂಢನ ದಾರಿ ಅವನ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ ಎಂದು 12:15 (12ನೆಯ ಅಧ್ಯಾಯದ 15ನೆಯ ವಚನ) ಹೇಳುತ್ತದೆ. ಹೆಂಡತಿಯನ್ನೋ ಗಂಡನನ್ನೋ ಅಕ್ಕನನ್ನೋ ಕೇಳಿ: "ನನ್ನ ಯಾವ ಗುಣದಿಂದ ಮನೆಯವರಿಗೆ ಹೆಚ್ಚು ಕಷ್ಟ?" ಉತ್ತರ ಬಂದ ಮೇಲೆ ವಾದ ಮಾಡಬಾರದು. ವಾದ ಮಾಡಿದರೆ ಎರಡನೆಯ ಸಲ ಯಾರೂ ನಿಜ ಹೇಳುವುದಿಲ್ಲ.

ಆಮೇಲೆ 200 ಪುಟದ ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ಆ ಗುಣಕ್ಕೆ ಸಂಬಂಧಿಸಿದ ಏಳೆಂಟು ವಚನಗಳನ್ನು ಎಡಪುಟದಲ್ಲಿ ಕೈಯಲ್ಲೇ ಬರೆಯಿರಿ. ಮನೆಯಲ್ಲಿ "ಯೆಹೋವ" ಎಂದಿರುವ ಹಳೆಯ ಅನುವಾದ, "ಸರ್ವೇಶ್ವರ" ಎಂದಿರುವ ಹೊಸ ಅನುವಾದ ಎರಡೂ ಇದ್ದರೆ ಎರಡನ್ನೂ ಬರೆದು ನೋಡಿ. ಒಂದರಲ್ಲಿ ಮಸುಕಾದದ್ದು ಇನ್ನೊಂದರಲ್ಲಿ ತಿಳಿಯಾಗುತ್ತದೆ. ಬಲಪುಟದಲ್ಲಿ ತಾರೀಖು, ನಡೆದದ್ದು, ಎರಡೇ ಸಾಲು. "ಇವತ್ತು ತಾಳ್ಮೆಯಿಂದಿದ್ದೆ" ಎಂದು ಬರೆದರೆ ಉಪಯೋಗವಿಲ್ಲ. "ಸಂಜೆ ಏಳಕ್ಕೆ, ಮಗನ ಲೆಕ್ಕದ ಪಾಠ, ಮೂರನೆಯ ಸಲ ತಪ್ಪಿದಾಗ ಗದರಿದೆ" ಎಂದು ಬರೆಯಿರಿ. ಹತ್ತು ದಿನ ಹೀಗೆ ಬರೆದರೆ ಸಿಟ್ಟಿಗೂ ಒಂದು ಜಾಗ, ಒಂದು ಹೊತ್ತು ಇದೆ ಎಂದು ಗೊತ್ತಾಗುತ್ತದೆ. ಆ ಹೊತ್ತಿಗೆ ಮೊದಲೇ ಆ ವಚನವನ್ನು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡರೆ ಸಾಕು. ದಿನವಿಡೀ ಜಪಿಸಬೇಕಾಗಿಲ್ಲ.

ಮಾತನ್ನು ಬಿಡಿಸುವುದು

ಕನ್ನಡದ ಗಾದೆ ಬಲ್ಲವರಿಗೆ ಇದು ಹೊಸದಲ್ಲ. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬಲ್ಲಿ ಎರಡು ತುಂಡು, ಒಂದಕ್ಕೊಂದು ಜೋಡಿ. ಹೀಬ್ರೂ ಜ್ಞಾನೋಕ್ತಿಯ ಕಟ್ಟೂ ಇದೇ. 10ರಿಂದ 15ನೆಯ ಅಧ್ಯಾಯದವರೆಗೆ ಹೆಚ್ಚಿನವು ಎದುರುಬದುರು ನಿಲ್ಲುವ ಜೋಡಿಗಳು. ಎರಡನೆಯ ತುಂಡಿನಲ್ಲಿ ಮೊದಲನೆಯದರ ಅರ್ಥ ಅಡಗಿರುತ್ತದೆ. ಇನ್ನು ಕೆಲವು "ಅದಕ್ಕಿಂತ ಇದು ಲೇಸು" ಎನ್ನುವ ಬಗೆಯವು: ಜಗಳದ ಮನೆಯ ಹಬ್ಬದೂಟಕ್ಕಿಂತ ನೆಮ್ಮದಿಯ ಒಣತುತ್ತು ಲೇಸು (17:1). ಇಲ್ಲಿ ಹಬ್ಬದೂಟ ಕೆಟ್ಟದ್ದು ಎಂದಿಲ್ಲ. ಎರಡೂ ಸಿಗದ ಹೊತ್ತಿನಲ್ಲಿ ಯಾವುದನ್ನು ಬಿಡಬೇಕು ಎಂದಿದೆ, ಅಷ್ಟೆ. ಮದುವೆಯ ಖರ್ಚಿನ ಬಗ್ಗೆ ಅಣ್ಣತಮ್ಮಂದಿರು ಕೂತು ಮಾತಾಡುವಾಗ ಈ ಒಂದು ಸಾಲು ಮೇಜಿನ ಮೇಲಿದ್ದರೆ ಒಳ್ಳೆಯದು.

ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತದೆ, ಬಿರುನುಡಿ ಎಬ್ಬಿಸುತ್ತದೆ ಎಂಬ 15:1 ಎಲ್ಲರಿಗೂ ಗೊತ್ತು. ಅದನ್ನು "ಸುಮ್ಮನಿರು" ಎಂದು ಓದುವವರೇ ಹೆಚ್ಚು. ವಚನ ಉತ್ತರ ಕೊಡು ಎಂದೇ ಹೇಳುತ್ತದೆ, ಮೃದುವಾಗಿ ಕೊಡು ಎನ್ನುತ್ತದೆ. ಮೊದಲು ದನಿ ಇಳಿಸಿ. ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ: "ಪಂಪು ಹೇಳದೆ ಹಾಕಿದ್ದು ನಿಮಗೆ ಬೇಸರ, ಅಲ್ಲವಾ?" ಅವರು ಹೌದು ಎಂದ ಮೇಲೆಯೇ ನಿಮ್ಮ ಮಾತು. ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಡುವುದು ಮೂರ್ಖತನ, ಅವಮಾನ ಎಂದು 18:13ರಲ್ಲಿದೆ. ದನಿ ಮೃದುವಾಗಿ, ಮಾತಿನಲ್ಲಿ ಚುಚ್ಚು ಇದ್ದರೆ ಅದು ಮೃದು ಉತ್ತರವಲ್ಲ. ಎದುರಿನವರಿಗೆ ಅದು ತಕ್ಷಣ ತಿಳಿಯುತ್ತದೆ.

ಕಟ್ಟದ ಬಿಲ

ಕಾಸರಗೋಡಿನ ಕಡೆಯವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕಾದ ವಚನ 17:14. ಜಗಳದ ಶುರು ಎಂದರೆ ತಡೆದ ನೀರನ್ನು ಬಿಟ್ಟ ಹಾಗೆ, ಅದು ಏರುವ ಮೊದಲೇ ಜಗಳವನ್ನು ಬಿಟ್ಟುಬಿಡು ಎಂಬುದು ಅದರ ಸಾರ. ಅಲ್ಲಿನ ಏತಡ್ಕದ ತೋಡುಗಳಲ್ಲಿ, ಎಂದರೆ ಸಣ್ಣ ಹಳ್ಳಗಳಲ್ಲಿ, ಮಳೆ ನಿಂತ ಮೇಲೆ ನೀರು ನಿಲ್ಲಿಸಲು ಕಲ್ಲುಮಣ್ಣಿನ ಕಟ್ಟ ಹಾಕುವುದನ್ನು ನೋಡಿದವರು ಬಲ್ಲರು: ಕಟ್ಟ ಒಡೆಯುವುದು ಮೇಲಿನಿಂದ ಮಾತ್ರವಲ್ಲ. ಏಡಿಯ ಬಿಲ, ಕೊಳೆತ ಬೇರಿನ ಸಂದು, ಹೆಬ್ಬೆರಳಿನಷ್ಟು ಜಾಗ ಸಾಕು. ಅಲ್ಲಿಂದ ಒಸರುವ ನೀರು ತಿಳಿಯಾಗಿದ್ದರೆ ಹೆದರಬೇಕಿಲ್ಲ, ಎಲ್ಲ ಮಣ್ಣುಕಟ್ಟವೂ ಸ್ವಲ್ಪ ಒಸರುತ್ತದೆ. ಆ ನೀರು ಕೆಂಪಾದರೆ ಮಾತ್ರ ಓಡಬೇಕು. ಕೆಂಪು ಎಂದರೆ ಅದು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ, ಬಿಲ ಅಗಲವಾಗುತ್ತಿದೆ. ಆಗ ತಡಮಾಡಿದರೆ ಹಿಡಿಮಣ್ಣಿನ ಕೆಲಸಕ್ಕೆ ಇಡೀ ಊರೇ ಇಳಿಯಬೇಕಾಗುತ್ತದೆ.

ಮಾತಿಗೂ ಇದೇ ಪರೀಕ್ಷೆ. ಅಣ್ಣತಮ್ಮಂದಿರ ನಡುವೆ ನೀರಿನ ಪಾಳಿಯ ಬಗ್ಗೆ ಮಾತು ಬಂದರೆ ಬರಲಿ. ಪಾಳಿಯ ಬಗ್ಗೆಯೇ ಇರುವವರೆಗೆ ಅದು ತಿಳಿನೀರು. "ನೀನು ಯಾವಾಗಲೂ ಹೀಗೆಯೇ," "ಅಪ್ಪ ಪಾಲು ಮಾಡಿದ ದಿನವೇ ಗೊತ್ತಿತ್ತು," "ನಿನ್ನ ಹೆಂಡತಿ ಹೇಳಿಕೊಟ್ಟದ್ದಲ್ಲವಾ" ಎಂಬ ಮಾತುಗಳು ಬಂದವೋ, ನೀರು ಕೆಂಪಾಯಿತು. ಹಳೆಯ ಮಣ್ಣು ಹೊರಬರುತ್ತಿದೆ. ಆ ಕ್ಷಣದಲ್ಲಿ ಮಾಡಬೇಕಾದದ್ದು ಒಂದೇ: "ಪಾಳಿಯ ಮಾತು ನಾಳೆ ಬೆಳಿಗ್ಗೆ ಎಂಟಕ್ಕೆ ಮುಗಿಸುವ" ಎಂದು ಹೊತ್ತು ಹೇಳಿ ಎದ್ದು ಹೋಗುವುದು. ಹೊತ್ತು ಹೇಳದೆ ಎದ್ದು ಹೋದರೆ ಅದು ಅವಮಾನ ಮಾಡಿದಂತಾಗುತ್ತದೆ. ಹೇಳಿದ ಹೊತ್ತಿಗೆ ಬಾರದಿದ್ದರೆ ಇನ್ನೂ ಕೆಟ್ಟದ್ದು.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಈ ಕೆಲಸ ಆಗುವುದೇ ಇಲ್ಲ ಎಂದು ತಿಳಿಯಿರಿ. ಅಲ್ಲಿ ದನಿ ಇಳಿಸಲು ದನಿಯೇ ಇಲ್ಲ. ಕೊಲ್ಲಿಯಲ್ಲಿರುವ ತಮ್ಮ, ಮಂಗಳೂರಿನಲ್ಲಿರುವ ಅತ್ತಿಗೆ ಎಲ್ಲರೂ ನೋಡುತ್ತಿರುವಾಗ ಯಾರೂ ಹಿಂದೆ ಸರಿಯುವುದಿಲ್ಲ. ಮತ್ತಾಯ 18:15ರಿಂದ 17ರವರೆಗಿನ ಕ್ರಮವನ್ನು ಹಿಡಿಯಿರಿ: ಮೊದಲು ಅವನೂ ನೀನೂ ಇಬ್ಬರೇ; ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು; ಆಮೇಲೆಯೇ ಸಭೆಗೆ. ನಮ್ಮಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಊರಿಗೆಲ್ಲ ತಿಳಿದ ಮೇಲೆ ಕೊನೆಗೆ ತಿಳಿಯುವುದು ತಪ್ಪು ಮಾಡಿದವನಿಗೆ. ಇನ್ನು ಬೇರೆಯವರ ಜಗಳದ ಸುದ್ದಿ ನಿಮ್ಮ ಕಿವಿಗೆ ಬಿದ್ದರೆ 18:17 ನೆನಪಿರಲಿ: ಮೊದಲು ಹೇಳಿದವನದೇ ನ್ಯಾಯ ಎನಿಸುತ್ತದೆ, ಇನ್ನೊಬ್ಬ ಬಂದು ಪ್ರಶ್ನೆ ಕೇಳುವವರೆಗೆ. ಸೌದೆ ಇಲ್ಲದಿದ್ದರೆ ಬೆಂಕಿ ಆರುತ್ತದೆ (26:20). ಆ ಸುದ್ದಿಯನ್ನು ಮುಂದಕ್ಕೆ ದಾಟಿಸದಿರುವುದು ನಿಮ್ಮ ಪಾಲಿನ ಕೆಲಸ.

ಗೋಣಿಯ ತಳ

ಮೋಸದ ತಕ್ಕಡಿಯ ಮಾತು ಜ್ಞಾನೋಕ್ತಿಗಳಲ್ಲಿ ಮತ್ತೆಮತ್ತೆ ಬರುತ್ತದೆ: 11:1, 16:11, 20:10, 20:23. 20:10ರ ಹೀಬ್ರೂ ಮೂಲದಲ್ಲಿರುವುದು "ಕಲ್ಲು ಮತ್ತು ಕಲ್ಲು, ಏಫಾ ಮತ್ತು ಏಫಾ" ಎಂದು. ಏಫಾ ಎಂದರೆ ಧಾನ್ಯ ಅಳೆಯುವ ಅಳತೆ. ಆಗ ತೂಕದ ಬಟ್ಟು ಎಂದರೆ ಕಲ್ಲೇ. ವ್ಯಾಪಾರಿಯ ಚೀಲದಲ್ಲಿ ಎರಡು ಜೊತೆ, ಕೊಳ್ಳುವಾಗ ಭಾರದ್ದು, ಮಾರುವಾಗ ಹಗುರದ್ದು. ಧರ್ಮೋಪದೇಶಕಾಂಡ 25:13 ಆ ಚೀಲವನ್ನೇ ಹೆಸರಿಸಿ ಬೇಡ ಎನ್ನುತ್ತದೆ. ಈಗ ತಕ್ಕಡಿ ಡಿಜಿಟಲ್ ಆಗಿದೆ, ಎರಡು ಕಲ್ಲು ಬೇರೆ ಕಡೆ ಇವೆ. ಮೇಲೆ ಒಳ್ಳೆಯ ಚಾಲಿ (ಒಣಗಿಸಿ ಸುಲಿದ ಅಡಿಕೆ), ಗೋಣಿಯ ತಳದಲ್ಲಿ ಪಟೋರ, ಕರಿಗೋಟು ಎಂಬ ಕೀಳುದರ್ಜೆಯ ಅಡಿಕೆ. ಅರ್ಧ ಒಣಗಿದ ಅಡಿಕೆಯ ನೀರೂ ತೂಕಕ್ಕೇ. ದೇವರ ಭಯವೇ ಜ್ಞಾನದ ಮೊದಲು ಎಂಬ ಮಾತಿಗೆ (1:7) ದಿನದ ಅರ್ಥ ಸಿಗುವುದು ಇಂಥಲ್ಲಿ. ಯಾರೂ ಕೈಹಾಕಿ ನೋಡದ ಆ ತಳದಲ್ಲಿ ಏನಿದೆ? ಮಾರುವ ಮೊದಲು ಒಂದು ಗೋಣಿಯನ್ನು ಅಂಗಳದಲ್ಲಿ ನೀವೇ ಮಗುಚಿ ನೋಡಿ. ಪಟೋರವನ್ನು ಬೇರೆ ಗೋಣಿಗೆ ಹಾಕಿ, ಪಟೋರ ಎಂದೇ ಹೇಳಿ ಮಾರಿ.

ಕೊಳ್ಳುವವರಿಗೂ ಒಂದು ವಚನವಿದೆ. "ಚೆನ್ನಾಗಿಲ್ಲ, ಚೆನ್ನಾಗಿಲ್ಲ" ಎಂದು ಕೊಂಡು, ಮನೆಗೆ ಹೋಗಿ ಲಾಭದ ಬಗ್ಗೆ ಕೊಚ್ಚಿಕೊಳ್ಳುತ್ತಾನೆ (20:14). ಹಳೆಯ ಬೈಕು ಕೊಳ್ಳುವಾಗ ಇಲ್ಲದ ಹುಳುಕು ಹೇಳದೆಯೂ ಚೌಕಾಸಿ ಮಾಡಬಹುದು.

ಕೂಲಿಯ ವಿಷಯ ಚಿಕ್ಕದು, ಆದರೆ ತಪ್ಪುವುದು ಅಲ್ಲೇ. ಕೈಯಲ್ಲಿರುವಾಗ "ನಾಳೆ ಬಾ" ಎನ್ನಬೇಡ ಎಂದು 3:28. ಕೂಲಿ ಬೆಳಗಿನವರೆಗೆ ನಿನ್ನ ಬಳಿ ಉಳಿಯಬಾರದು ಎಂದು ಯಾಜಕಕಾಂಡ 19:13. ಅಡಿಕೆ ಸುಲಿಯುವವರು, ಮದ್ದು ಬಿಡುವವರು ಬರುವ ಹಿಂದಿನ ದಿನವೇ ದುಡ್ಡು, ಚಿಲ್ಲರೆ ತಂದಿಡಿ. ಸಂಜೆ ಅವರು ಕೈಕಾಲು ತೊಳೆದು ಬರುವ ಹೊತ್ತಿಗೆ ಲೆಕ್ಕ ಆಗಿರಬೇಕು. ಅವರು ಕೇಳಬೇಕಾಗಿ ಬಂದರೆ ಆಗಲೇ ತಡವಾಗಿದೆ.

ಜಾಮೀನಿನ ಸಹಿ

ಬೇರೆಯವರ ಸಾಲಕ್ಕೆ ಜಾಮೀನು ನಿಲ್ಲುವುದರ ಬಗ್ಗೆ ಜ್ಞಾನೋಕ್ತಿಗಳು ಎಚ್ಚರಿಸುವಷ್ಟು ಚರ್ಚಿನಲ್ಲಿ ಯಾರೂ ಎಚ್ಚರಿಸುವುದಿಲ್ಲ: 6:1-5, 11:15, 17:18, 20:16, 22:26-27, 27:13. ಚಿಟ್ಟಿ (ಚೀಟಿ ಫಂಡು) ಹಿಡಿದವರಿಗೆ, ಸಹಕಾರಿ ಬ್ಯಾಂಕಿನ ಸಾಲಕ್ಕೆ ಜಾಮೀನು ಬೇಕು. ಸಂಬಳದ ಸರ್ಟಿಫಿಕೇಟ್ ಇರುವ ಮೇಷ್ಟ್ರ ಮನೆಗೆ ಎಲ್ಲರೂ ಬರುತ್ತಾರೆ. "ಬರೀ ಒಂದು ಸಹಿ" ಎನ್ನುತ್ತಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಆದ್ದರಿಂದ ಸಹಿಗೆ ಮೊದಲು ಒಟ್ಟು ಮೊತ್ತ ಎಷ್ಟು, ಎಷ್ಟು ಕಂತು ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಪೂರ್ತಿ ನೀವೇ ಕಟ್ಟಬೇಕಾದರೆ ಮನೆ ನಡೆಯುತ್ತದೆಯೇ ಎಂದು ಗಂಡಹೆಂಡತಿ ಕೂತು ಲೆಕ್ಕ ಹಾಕಿ. ಇಲ್ಲವೆಂದಾದರೆ "ಜಾಮೀನು ನಿಲ್ಲಲಾರೆ, ನನ್ನಿಂದಾಗುವ ಇಷ್ಟನ್ನು ಕೊಡುತ್ತೇನೆ, ವಾಪಸ್ ಬೇಡ" ಎಂದು ಒಂದು ಚಿಕ್ಕ ಮೊತ್ತ ಕೊಡಿ. ನೆಂಟಸ್ತಿಕೆ ಉಳಿಯುವ ದಾರಿ ಇದು. ಈಗಾಗಲೇ ಸಹಿ ಹಾಕಿ ಸಿಕ್ಕಿಬಿದ್ದವರಿಗೂ 6ನೆಯ ಅಧ್ಯಾಯ ದಾರಿ ಹೇಳುತ್ತದೆ: ನಾಚಿಕೆ ಬಿಟ್ಟು ಹೋಗು, ಅಂಗಲಾಚು, ಕಣ್ಣಿಗೆ ನಿದ್ದೆ ಕೊಡಬೇಡ. ಮೊದಲ ಕಂತು ತಪ್ಪಿದ ವಾರವೇ ಸಾಲಗಾರನ ಮನೆಗೆ ಹೋಗಿ, ಆಮೇಲೆ ಬ್ಯಾಂಕಿಗೆ. ಸಂಕೋಚದಿಂದ ಸುಮ್ಮನಿದ್ದರೆ ಬಡ್ಡಿ ಸುಮ್ಮನಿರುವುದಿಲ್ಲ.

ತಪ್ಪಾಗಿ ಹಿಡಿದರೆ

26:4 ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. 26:5 ಕೊಡು ಎನ್ನುತ್ತದೆ. ಪುಸ್ತಕವನ್ನು ಸಂಪಾದಿಸಿದವರು ಕಣ್ತಪ್ಪಿ ಇಟ್ಟದ್ದಲ್ಲ, ಬೇಕೆಂದೇ ಅಕ್ಕಪಕ್ಕ ಇಟ್ಟದ್ದು. "ತಾಳಿದವನು ಬಾಳಿಯಾನು" ಎಂದೂ "ಆಲಸ್ಯಂ ಅಮೃತಂ ವಿಷಂ" ಎಂದೂ ನಾವು ಹೇಳುವುದಿಲ್ಲವೇ? ಯಾವುದು ಯಾವಾಗ ಎಂದು ತಿಳಿಯುವುದೇ ಜ್ಞಾನ. ಹಾಗಾಗಿ ಇವನ್ನು ಕಟ್ಟಳೆ ಎಂದೋ ದೇವರು ಬರೆದುಕೊಟ್ಟ ವಾಗ್ದಾನಪತ್ರ ಎಂದೋ ಓದಬಾರದು. ಮಗುವನ್ನು ನಡೆಯಬೇಕಾದ ದಾರಿಯಲ್ಲಿ ಬೆಳೆಸು, ಮುಪ್ಪಿನಲ್ಲೂ ಅದನ್ನು ಬಿಡುವುದಿಲ್ಲ ಎಂಬ 22:6 ತಂದೆತಾಯಿಗೆ ಕೊಟ್ಟ ಬುದ್ಧಿಮಾತು. ಮಗ ದಾರಿ ತಪ್ಪಿದ ತಾಯಿಯ ಮುಂದೆ ಅದನ್ನು ಹೇಳಿದರೆ ಅದು ಕ್ರೌರ್ಯ. ಮೂಢನ ಬಾಯಿಯ ಜ್ಞಾನೋಕ್ತಿ ಕುಡುಕನ ಕೈಯ ಮುಳ್ಳು ಎಂದು ಪುಸ್ತಕವೇ ಎಚ್ಚರಿಸುತ್ತದೆ (26:9).

ಸಾವಿನ ಮನೆಗೆ ಹೋಗುವಾಗ ವಚನವನ್ನು ಜೇಬಿನಲ್ಲೇ ಇಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರು (ಯೋಬ 2:13). ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಹೇಳಿದ್ದರಲ್ಲಿ ಎಷ್ಟೋ ಸರಿಯಾದ ಮಾತುಗಳೇ, ಹೇಳಿದ ಹೊತ್ತು ತಪ್ಪು.

ತಿಂಗಳ ಕೊನೆಯ ಶನಿವಾರ ಸಂಜೆ ನೋಟ್‌ಬುಕ್ಕಿನ ಬಲಪುಟಗಳನ್ನು ಮೊದಲಿನಿಂದ ಓದಿ. ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ (24:16), ಆದ್ದರಿಂದ ತಪ್ಪಿದ ದಿನಗಳನ್ನು ಎಣಿಸಿ ಕೂರಬೇಡಿ. ಒಂದೇ ಹೆಸರು ಮತ್ತೆಮತ್ತೆ ಬಂದಿದೆಯೇ ನೋಡಿ. ಬಂದಿದ್ದರೆ ಅಲ್ಲಿಗೆ ಹೋಗಬೇಕು. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದು ಯೇಸು ಹೇಳಿದ್ದು (ಮತ್ತಾಯ 5:23-24) ಗಲಿಲಾಯದಲ್ಲಿ. ಬಲಿಪೀಠ ಇದ್ದದ್ದು ನೂರು ಕಿಲೋಮೀಟರಿಗೂ ದೂರದ ಜೆರುಸಲೇಮಿನಲ್ಲಿ, ಕಾಲ್ನಡಿಗೆಯಲ್ಲಿ ಮೂರು ನಾಲ್ಕು ದಿನದ ದಾರಿ. ನಮಗೋ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗಲು ಬಸ್ಸಿದೆ. ಭಾನುವಾರದ ಆರಾಧನೆಗೆ ಮೊದಲು, ಶನಿವಾರ ಸಂಜೆಯೇ ಹೋಗಿ ಬನ್ನಿ. "ಆ ದಿನ ನಾನು ಹೇಳಿದ್ದು ತಪ್ಪು" ಎಂಬ ಮಾತನ್ನು ಹೊಸ್ತಿಲಲ್ಲೇ ಹೇಳಿ, "ಆದರೆ ನೀನೂ" ಎಂದು ಮುಂದುವರಿಸಬೇಡಿ. ಅವರು ಮನೆಯಲ್ಲಿಲ್ಲದಿದ್ದರೆ ಮನೆಯವರ ಹತ್ತಿರ ಹೇಳಿ ಕಳಿಸದೆ, ಯಾವಾಗ ಬಂದರೆ ಸಿಗುತ್ತಾರೆ ಎಂದು ಕೇಳಿಕೊಂಡು ಬನ್ನಿ.