ಕೆನ್ಯಾದಲ್ಲಿ ಕರೆಂಟ್ ಕೊಳ್ಳುವುದು ಹೇಗೆ?

ನೈರೋಬಿಗೆ ಬಂದು ಮೂರನೇ ರಾತ್ರಿ. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಅಕ್ಕಿ ಅರ್ಧ ಬೆಂದಿತ್ತು, ಕರೆಂಟ್ ಹೋಯಿತು. ಬೆಂಗಳೂರಿನ ಅಭ್ಯಾಸ ನೋಡಿ, ಬಂದೀತು ಅಂತ ಸುಮ್ನೆ ಕೂತೆ. ಅರ್ಧ ಗಂಟೆ ಬಿಟ್ಟು ಕಿಟಕಿಯಲ್ಲಿ ಇಣುಕಿದರೆ ಪಕ್ಕದ ಮನೆಗಳಲ್ಲೆಲ್ಲ ದೀಪ! ಕೆಳಗಿದ್ದ ಅಸ್ಕಾರಿ, ಅಂದರೆ ವಾಚ್‌ಮನ್, ನಕ್ಕುಬಿಟ್ಟ: 'ಟೋಕನ್ ಇಮೆಇಶಾ.' ಟೋಕನ್ ಮುಗಿದಿದೆ ಎಂದರ್ಥ.

ಇಲ್ಲಿ ಹೆಚ್ಚಿನ ಬಾಡಿಗೆ ಮನೆಗಳಲ್ಲಿ ಪ್ರೀಪೇಯ್ಡ್ ಮೀಟರ್. ಮೊದಲು ದುಡ್ಡು, ಆಮೇಲೆ ಬೆಳಕು. ಹಾಗಾಗಿ ಪಾಸ್‌ಪೋರ್ಟ್ ತೋರಿಸಿ ಸಿಮ್ ತೆಗೆದುಕೊಂಡ ದಿನವೇ ಎಂ-ಪೆಸಾ ಮಾಡಿಸಿಕೊಳ್ಳಿ. ಸಫಾರಿಕಾಮ್ ಎಂಬ ಮೊಬೈಲ್ ಕಂಪನಿ 2007ರಲ್ಲಿ ಶುರು ಮಾಡಿದ ಈ ಮೊಬೈಲ್ ಹಣ ಇಲ್ಲದೆ ಇಲ್ಲಿ ಒಂದು ದಿನ ಕಳೆಯುವುದೂ ಕಷ್ಟ. 'ಪೆಸಾ' ನಮ್ಮ ಪೈಸೆಯ ನೆಂಟ. ಗಾಡಿಗೆ 'ಗಾರಿ', ಅಂಗಡಿಗೆ 'ದುಕಾ' ಅನ್ನುತ್ತಾರೆ. ಸ್ವಾಹಿಲಿ ಅಷ್ಟೇನೂ ಪರಕೀಯ ಅನಿಸಲ್ಲ ಅಲ್ವಾ?

ಎಂ-ಪೆಸಾದಲ್ಲಿ ಪೇಬಿಲ್, ಅಂದರೆ ಬಿಲ್ ಕಟ್ಟುವ ಆಯ್ಕೆ, ಆರಿಸಿ 888880 ಒತ್ತಿ. ಅಕೌಂಟ್ ನಂಬರ್ ಕೇಳಿದಾಗ ನಿಮ್ಮ ಮೀಟರ್ ನಂಬರ್ ಕೊಡಿ. ಕರೆಂಟ್ ಕಂಪನಿ ಕೆನ್ಯಾ ಪವರ್‌ನಿಂದ 20 ಅಂಕಿಯ ಟೋಕನ್ ಮೆಸೇಜಿನಲ್ಲಿ ಬರುತ್ತದೆ. ಅದನ್ನು ಮನೆಯೊಳಗಿನ ಕೀಪ್ಯಾಡಿನಲ್ಲಿ ಒತ್ತಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಈ ಕೀಪ್ಯಾಡ್ ಬ್ಯಾಟರಿಯಲ್ಲಿ ನಡೆಯುತ್ತದೆ. ಆ ರಾತ್ರಿ ನನ್ನದರ ಬ್ಯಾಟರಿ ಸತ್ತಿತ್ತು. ಟಿವಿ ರಿಮೋಟಿನದು ಕಿತ್ತು ಹಾಕಿ, ಮೊಬೈಲ್ ಟಾರ್ಚಿನಲ್ಲಿ 20 ಅಂಕಿ ಒತ್ತಿದೆ. ಎರಡು ಸಲ ತಪ್ಪಿತು. ಒಂದು ಜೊತೆ ಬ್ಯಾಟರಿ ಮನೆಯಲ್ಲಿ ಇಟ್ಟಿರಿ.

ಟೋಕನ್ ಬಂದ ಆ ಮೆಸೇಜನ್ನು ಅಳಿಸುವ ಮೊದಲು ಪೂರ್ತಿ ಓದಿ. ಯೂನಿಟ್ಟಿಗೆ ಹೋದ ಹಣ ಒಂದು ಕಡೆ, 'ಅದರ್ ಚಾರ್ಜಸ್' ಇನ್ನೊಂದು ಕಡೆ ಇರುತ್ತದೆ. ಈ ದೇಶದ ಕಥೆ ಇರುವುದು ಆ ಎರಡನೇ ಅಂಕಿಯಲ್ಲಿ.

ನೈವಾಶಾ ಹತ್ತಿರದ ಓಲ್ಕಾರಿಯಾದಲ್ಲಿ ನೆಲದಡಿಯ ಹಬೆಯಿಂದ ಟರ್ಬೈನ್ ತಿರುಗಿಸುತ್ತಾರೆ. 1981ರಿಂದ ನಡೆದುಬಂದ ಕೆಲಸ ಇದು. ದೇಶದ ಕರೆಂಟಿನಲ್ಲಿ ಶೇ. 40ರ ಆಸುಪಾಸು ಈ ಭೂಶಾಖದ್ದೇ. ಜೊತೆಗೆ ತಾನಾ ನದಿಯ ಅಣೆಕಟ್ಟುಗಳು, ತುರ್ಕಾನಾ ಸರೋವರದ ಹತ್ತಿರದ 365 ಗಾಳಿಯಂತ್ರಗಳು. ಇಷ್ಟೆಲ್ಲ ಇದ್ದೂ ಆ 'ಅದರ್ ಚಾರ್ಜಸ್'ನಲ್ಲಿ ಫ್ಯೂಯಲ್ ಚಾರ್ಜ್ ಏಕೆ? ಮಳೆ ಕೈಕೊಟ್ಟು ತಾನಾದ ನೀರು ಇಳಿದರೆ ಎಣ್ಣೆ ಸುಡುವ ಸ್ಥಾವರಗಳು ಜಾಸ್ತಿ ಓಡಬೇಕು. ಆ ಎಣ್ಣೆ ಮೊಂಬಾಸಾ ಬಂದರಿಗೆ ಹಡಗಿನಲ್ಲಿ ಬರಬೇಕು, ದುಡ್ಡು ಡಾಲರಿನಲ್ಲಿ ಕೊಡಬೇಕು.

ಕರೆಂಟ್ ಕೊಳ್ಳುವ ಒಪ್ಪಂದ, ಸಾಲ ಕೂಡ ಬಹಳಷ್ಟು ವಿದೇಶಿ ಹಣದಲ್ಲೇ ಇವೆ. ಅದಕ್ಕೇ ಫಾರೆಕ್ಸ್ ಚಾರ್ಜ್, ಅಂದರೆ ವಿದೇಶಿ ವಿನಿಮಯದ ಶುಲ್ಕ. 2024ರ ಆರಂಭದಲ್ಲಿ ಡಾಲರಿಗೆ 160 ಕೆನ್ಯಾ ಶಿಲಿಂಗ್ ಆಗಿತ್ತು, ಅದೇ ವರ್ಷದ ನಡುವೆ 130ರ ಹತ್ತಿರ ಇಳಿಯಿತು. ದೇಶಕ್ಕೆ ಡಾಲರ್ ತರುವುದು ಕೆರಿಚೋದ ಚಹಾ, ನೈವಾಶಾದ ಗುಲಾಬಿ, ಸಫಾರಿಗೆ ಬರುವ ಪ್ರವಾಸಿಗರು, ಎಲ್ಲಕ್ಕಿಂತ ಹೆಚ್ಚಾಗಿ ಹೊರದೇಶದಲ್ಲಿ ದುಡಿದು ಮನೆಗೆ ಕಳಿಸುವ ಕೆನ್ಯನ್ನರು. ಇದು ನಮ್ಮ ಮಂದಿಗೂ ಗೊತ್ತಿರುವ ಲೆಕ್ಕವೇ.

ಇದರ ಮೇಲೆ ಹಳ್ಳಿಗಳಿಗೆ ಕರೆಂಟ್ ಎಳೆಯುವ ತೆರಿಗೆ, ಶೇ. 16 ವ್ಯಾಟ್. ದರದ ಹಂತ ನಿರ್ಧಾರವಾಗುವುದು ಕಳೆದ ಮೂರು ತಿಂಗಳ ಸರಾಸರಿ ಬಳಕೆ ನೋಡಿ. ನೀರು ಕಾಯಿಸುವ ಇನ್‌ಸ್ಟಂಟ್ ಶವರ್ ಇರುವ ಮನೆ ಹಿಡಿದರೆ ಈ ಮಾತು ಬೇಗ ನೆನಪಾಗುತ್ತದೆ.

ಪೆಟ್ರೋಲ್ ದರವನ್ನು ಪ್ರತಿ ತಿಂಗಳು 14ಕ್ಕೆ ಇಪ್ರಾ ಎಂಬ ನಿಯಂತ್ರಣ ಸಂಸ್ಥೆ ಪ್ರಕಟಿಸುತ್ತದೆ. ಏರಿಕೆ ಸುದ್ದಿ ಬಂದ ಸಂಜೆ ಬಂಕ್‌ಗಳ ಮುಂದೆ ಸಾಲು ಕಂಡರೆ ಗಾಬರಿಯಾಗಬೇಡಿ. ಮತಾತು, ಅಂದರೆ ಜನ ಹಂಚಿಕೊಂಡು ಹೋಗುವ ವ್ಯಾನಿನ ದರ ಮಾತ್ರ ಮಳೆ ಬಂದರೂ ಏರುತ್ತದೆ, ಅದಕ್ಕೆ ಯಾವ ಸಂಸ್ಥೆಯ ಅಪ್ಪಣೆಯೂ ಬೇಕಿಲ್ಲ. ಮೊಂಬಾಸಾಗೆ ಹೋಗುವುದಿದ್ದರೆ 2017ರಲ್ಲಿ ಶುರುವಾದ ರೈಲೇ ಆರಾಮು. ಚೀನಾದ ಸಾಲದಲ್ಲಿ ಕಟ್ಟಿದ್ದು. ಅದರ ಟಿಕೆಟಿಗೂ ಎಂ-ಪೆಸಾನೇ.

ದುಡ್ಡು ತಪ್ಪಿ ಬೇರೆಯವರ ನಂಬರಿಗೆ ಹೋದರೆ ಎಂ-ಪೆಸಾದಿಂದ ಬಂದ ಮೆಸೇಜನ್ನು ಕೂಡಲೇ 456ಕ್ಕೆ ಕಳಿಸಿ. ಮುಂದಿನ ಸಲ ಕತ್ತಲಾದಾಗ ಮೊದಲು ಕಿಟಕಿ ನೋಡಿ. ಬೀದಿಯೆಲ್ಲ ಕತ್ತಲಿದ್ದರೆ 'ಸ್ಟಿಮಾ ಇಮೆಪೊಟೆಯಾ', ಕರೆಂಟೇ ಹೋಗಿದೆ, *977# ಒತ್ತಿ ಕೆನ್ಯಾ ಪವರ್‌ಗೆ ದೂರು ಕೊಡಿ. ನಿಮ್ಮ ಮನೆ ಮಾತ್ರ ಕತ್ತಲಿದ್ದರೆ ಬ್ಯಾಟರಿ ಹುಡುಕಿ.