ಶಾಸಕರ ಪ್ರಶ್ನೆ ಬರೆಯುತ್ತಾ ಕಂಡಿದ್ದು: ನನ್ನ ಅನುಭವ

ವಿಧಾನಸಭೆಯಲ್ಲಿ ಕೇಳುವ ಪ್ರಶ್ನೆಯ ಕರಡನ್ನು ಎಷ್ಟೋ ಸಲ ಶಾಸಕರ ಆಪ್ತ ಸಹಾಯಕರೇ ಬರೆಯುತ್ತಾರೆ. ನಾನೂ ಆ ಕೆಲಸ ಮಾಡಿದವನು. ಪ್ರಶ್ನೆಯ ಒಂದೊಂದು ಪದವೂ ಲೆಕ್ಕಕ್ಕೆ ಬರುತ್ತದೆ ಅನ್ನೋದನ್ನು ಉತ್ತರಗಳನ್ನು ಓದಿ ಓದಿ ಕಲಿತೆ.

'ಆರೋಗ್ಯ ಕೇಂದ್ರಗಳಲ್ಲಿ ಸಿಬ್ಬಂದಿ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?' ಅಂತ ಕೇಳಿ ನೋಡಿ. ಎದುರಿನ ಕಾಲಂನಲ್ಲಿ 'ಬಂದಿದೆ' ಅಂತ ಒಂದೇ ಪದ ಇರುತ್ತದೆ. ಏನು ಕ್ರಮ ಅಂದರೆ 'ಪರಿಶೀಲನೆಯಲ್ಲಿದೆ'. ಅಕಸ್ಮಾತ್ 'ಬಂದಿಲ್ಲ' ಅಂದರಂತೂ ಅದೇ ಪ್ರಶ್ನೆಯ ಕೆಳಗಿನ (ಆ), (ಇ), (ಈ) ಭಾಗಗಳೆಲ್ಲಕ್ಕೂ 'ಉದ್ಭವಿಸುವುದಿಲ್ಲ'. ಅಲ್ಲಿಗೆ ಮುಗೀತು.

ಅದಕ್ಕೇ ನಾನು ಪ್ರಶ್ನೆ ಬರೆಯುವ ಮೊದಲು ಊರಿಗೆ ಹೋಗುತ್ತೇನೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್ ಹೆಸರು ಬೋರ್ಡಿನ ಮೇಲಿತ್ತು, ಹಾಜರಿ ಪುಸ್ತಕದಲ್ಲಿ ಸಹಿ ಇರಲಿಲ್ಲ. ವಿಚಾರಿಸಿದರೆ, ಅವರು ನಿಯೋಜನೆ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾರೆ ಅಂದರು. ಸಂಬಳ ಇಲ್ಲಿ, ಕೆಲಸ ಅಲ್ಲಿ. ಸರ್ಕಾರದ ಲೆಕ್ಕದಲ್ಲಿ ಆ ಹುದ್ದೆ ಭರ್ತಿಯಾಗಿದೆ. ಗರ್ಭಿಣಿಯರು ಮಾತ್ರ ರಕ್ತ ಪರೀಕ್ಷೆಗೆ ಬಸ್ ಹಿಡಿಯಬೇಕು.

ಹಾಗಾಗಿ 'ಖಾಲಿ ಹುದ್ದೆ ಎಷ್ಟು?' ಅಂತ ಕೇಳಿದರೆ ಸಾಲದು. ಮಂಜೂರಾದದ್ದು ಎಷ್ಟು, ಭರ್ತಿಯಾದದ್ದು ಎಷ್ಟು, ಅದರಲ್ಲಿ ನಿಯೋಜನೆ ಮೇಲೆ ಬೇರೆಡೆ ಇರುವವರು ಯಾರು, ಯಾವ ದಿನಾಂಕದಿಂದ, ಯಾರ ಆದೇಶದ ಮೇರೆಗೆ ಅಂತ ಕೇಳಬೇಕು. 'ಕೇಂದ್ರವಾರು ಮಾಹಿತಿ ನೀಡುವುದು' ಅಂತ ಸೇರಿಸಲೇಬೇಕು. ಇಲ್ಲದಿದ್ದರೆ ಜಿಲ್ಲೆಯ ಒಟ್ಟು ಸಂಖ್ಯೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಅಂಕಿ ಅಂಶ ಬೇಕಾದಾಗ ಚುಕ್ಕೆ ಗುರುತಿಲ್ಲದ ಪ್ರಶ್ನೆಯೇ ಒಳ್ಳೆಯದು. ಉತ್ತರ ಲಿಖಿತವಾಗಿ ಬರುತ್ತದೆ, ಪಟ್ಟಿ ಅನುಬಂಧದಲ್ಲಿರುತ್ತದೆ. ಅನುಬಂಧವನ್ನು ಜಾಸ್ತಿ ಜನ ತಿರುವಿಯೂ ನೋಡುವುದಿಲ್ಲ, ಆದರೆ ನಿಜವಾದ ಸರಕು ಇರೋದೇ ಅಲ್ಲಿ. ಅದನ್ನು ಹಿಡಿದು ಆಶಾ ಕಾರ್ಯಕರ್ತೆಯರಿಗೆ ಫೋನ್ ಮಾಡಿ ಒಂದೊಂದೇ ಸಾಲು ತಾಳೆ ನೋಡುತ್ತೇನೆ. ಮುಂದಿನ ಅಧಿವೇಶನಕ್ಕೆ ಅದೇ ವಿಷಯದ ಮೇಲೆ ಚುಕ್ಕೆ ಗುರುತಿನ ಪ್ರಶ್ನೆ ಕೊಡುತ್ತೇವೆ. ಅದು ಆ ದಿನದ ಪ್ರಶ್ನೆಗಳ ಪಟ್ಟಿಯಲ್ಲಿ ಮೇಲೆ ಬರುವುದು ಅದೃಷ್ಟ. ಬಂದರೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಶಾಸಕರು ಉಪಪ್ರಶ್ನೆ ಕೇಳಬಹುದು. ಉಪಪ್ರಶ್ನೆಗೆ ನಾನು ಒಂದೇ ಚೀಟಿ ಬರೆದುಕೊಡುತ್ತೇನೆ: ಕೇಂದ್ರದ ಹೆಸರು, ಹುದ್ದೆ, ಎಷ್ಟು ದಿನದಿಂದ ಸಿಬ್ಬಂದಿ ಇಲ್ಲ. ಭಾಷಣ ಬೇಡ ಅಂತ ಶಾಸಕರಿಗೆ ಕೈಮುಗಿದು ಹೇಳುತ್ತೇನೆ. ಸಮಯ ಸಿಗೋದೇ ಕಡಿಮೆ, ಅಲ್ವಾ?

ಒಮ್ಮೆ ಹೀಗೆ ಹೆಸರು ಹಿಡಿದು ಕೇಳಿದಾಗ, ನಿಯೋಜನೆ ರದ್ದು ಮಾಡುತ್ತೇವೆ ಅನ್ನುವ ಉತ್ತರ ಬಂತು. ಸದನದಲ್ಲಿ ಕೊಟ್ಟ ಇಂಥ ಮಾತು ಈಡೇರಿತೇ ಅಂತ ನೋಡುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ನಾವೂ ಸುಮ್ನೆ ಕೂರಲಿಲ್ಲ. ಸದನದ ಮಾತುಗಳನ್ನು ದಾಖಲಿಸುವ ನಡವಳಿಯ ಆ ಪುಟ ತೆಗೆದಿಟ್ಟುಕೊಂಡು, ಮುಂದಿನ ಅಧಿವೇಶನಕ್ಕೆ ರದ್ದತಿ ಆದೇಶದ ಸಂಖ್ಯೆ ಮತ್ತು ದಿನಾಂಕ ಕೇಳಿ ಇನ್ನೊಂದು ಪ್ರಶ್ನೆ ಕಳಿಸಿದೆವು.