ಪೋರ್ಷೆ ಕೊಂಡೆ, ಟ್ಯೂನ್ ಮಾಡಿಸಲಿಲ್ಲ

ನಾನು ಮೊದಲು ನೋಡಿದ ಪೋರ್ಷೆ 718 ಕೇಮನ್ ಅಂಧೇರಿಯಲ್ಲಿತ್ತು. ಬಿಳಿ ಬಣ್ಣ, ಪುದುಚೇರಿ ನಂಬರ್, ಮೀಟರ್‌ನಲ್ಲಿ 14,000 ಕಿ.ಮೀ. "ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ತೆಗೆದ ಗಾಡಿ" ಎಂದರು ಮಾರುವವರು. ಹದಿನೈದು ವರ್ಷ ಮಾಟುಂಗದ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕೂಡಿಟ್ಟ ದುಡ್ಡು ನನ್ನದು. ಆದರೂ ಆ ಕ್ಷಣ ಅಡ್ವಾನ್ಸ್ ಕೊಟ್ಟೇ ಬಿಡುವ ಮನಸ್ಸಾಗಿತ್ತು.

ಜೊತೆಗೆ ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ಅಣ್ಣ ಕುಂದಾಪುರದವರು, ಕುರ್ಲಾದಲ್ಲಿ ಗ್ಯಾರೇಜ್ ಇದೆ. ಅವರು ಬಣ್ಣ ನೋಡಲಿಲ್ಲ, ಸೀಟಿನಲ್ಲಿ ಕೂತು ಖುಷಿ ಪಡಲೂ ಇಲ್ಲ. ಸೀದಾ ಸ್ಕ್ಯಾನರ್ ಹಾಕಿ ಎಂಜಿನ್ ಕಂಪ್ಯೂಟರ್ ಓದಿದರು. ಎಂಜಿನ್ ಒಟ್ಟು ಎಷ್ಟು ಗಂಟೆ ಚಾಲೂ ಇತ್ತು ಎಂಬ ಲೆಕ್ಕ ಅದರಲ್ಲಿರುತ್ತದೆ. ಅಲ್ಲಿದ್ದದ್ದು 1,100 ಗಂಟೆ.

"14,000ವನ್ನು 1,100ರಿಂದ ಭಾಗಿಸಿ ನೋಡಿ ಶೆಟ್ರೇ" ಎಂದರು.

ಗಂಟೆಗೆ 13 ಕಿ.ಮೀ. ಕೂಡ ಬರಲಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಸೀ ಲಿಂಕ್ ಸೇತುವೆ ಮೇಲೆ ಓಡಿದ ಗಾಡಿಯ ಸರಾಸರಿ ಇದಾಗಲು ಸಾಧ್ಯವೇ ಇಲ್ಲ. ಒಂದೋ ಮೀಟರ್ ಹಿಂದೆ ತಿರುಗಿಸಿದ್ದಾರೆ, ಇಲ್ಲವೋ ಹೇಳಿದ ಕಥೆ ಸುಳ್ಳು. ಎರಡರಲ್ಲಿ ಯಾವುದು ಎಂದು ಕೇಳುತ್ತಾ ಕೂರದೆ ಹೊರಗೆ ಬಂದೆವು. ಈ ಒಂದು ಭಾಗಾಕಾರ ನನಗೆ ಉಳಿಸಿದ ದುಡ್ಡು ಎಷ್ಟೋ! ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರೆಲ್ಲ ಇದನ್ನು ಮಾಡಲೇಬೇಕು.

ನಾಲ್ಕು ತಿಂಗಳ ನಂತರ ನವಿ ಮುಂಬೈಯಲ್ಲಿ ಇನ್ನೊಂದು ಸಿಕ್ಕಿತು. ಎಂಎಚ್ 43 ನಂಬರ್, ಬೂದು ಬಣ್ಣ, 22,600 ಕಿ.ಮೀ., 690 ಗಂಟೆ. ಸರಾಸರಿ ಸುಮಾರು 33. ಇದು ನಂಬುವಂಥ ಲೆಕ್ಕ. ಎಂಜಿನ್ ಮಿತಿ ಮೀರಿ ತಿರುಗಿದಾಗಲೆಲ್ಲ ಪೋರ್ಷೆಯ ಕಂಪ್ಯೂಟರ್ ಅದನ್ನು ಆರು ಹಂತಗಳಲ್ಲಿ ಗುರುತು ಮಾಡಿಕೊಳ್ಳುತ್ತದೆ, ಎಷ್ಟನೇ ಗಂಟೆಯಲ್ಲಿ ಆಯಿತು ಎಂಬುದರ ಸಮೇತ. ಮೇಲಿನ ಹಂತಗಳಲ್ಲಿ ಎಲ್ಲ ಸೊನ್ನೆ ಇತ್ತು.

ಆಮೇಲೆ ನೀರಿನ ಪರೀಕ್ಷೆ. ಮುಂಬೈಯಲ್ಲಿ ಕಾರು ಕೊಳ್ಳುವಾಗ ಮಳೆಗೆ ನೀರು ನಿಲ್ಲುವುದಕ್ಕೇ ಹೆಸರಾದ ಹಿಂದ್‌ಮಾತಾ, ಮಿಲನ್ ಸಬ್‌ವೇ ನೆನಪಿರಬೇಕು. ಅಣ್ಣ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಸುರುಳಿಯ ಒಳಭಾಗದ ಪಟ್ಟಿಯನ್ನು ಯಾರೂ ತೊಳೆಯುವುದಿಲ್ಲ, ನೀರು ಹೊಕ್ಕಿದ್ದರೆ ಕೆಸರಿನ ಗೆರೆ ಅಲ್ಲೇ ಉಳಿಯುತ್ತದೆ. ಕಾರ್ಪೆಟ್ ಎತ್ತಿ ಮೂಸಿದರು. ಕ್ಲೀನಾಗಿತ್ತು. ಟೈರ್ ಮೇಲೆ 3618 ಎಂದಿತ್ತು, ಅಂದರೆ 2018ರ 36ನೇ ವಾರದಲ್ಲಿ ಆದದ್ದು. ಪಟ್ಟೆ ಚೆನ್ನಾಗಿಯೇ ಇತ್ತು, ಆದರೆ ರಬ್ಬರ್ ಕಲ್ಲಾಗಿತ್ತು. ಹೊಸ ಟೈರಿನ ದುಡ್ಡನ್ನು ಅಲ್ಲೇ ಬೆಲೆಯಲ್ಲಿ ಇಳಿಸಿಕೊಂಡೆ.

ಕಾಗದಪತ್ರದ ವಿಷಯ ಜಾಸ್ತಿ ಬರೆಯುವುದಿಲ್ಲ. ಹಿಂದಿನವರ ಸಾಲ ತೀರಿದ್ದಕ್ಕೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಹೆಸರು ಬದಲಾಯಿಸಲು 29 ಮತ್ತು 30. ಪೂರ್ತಿ ದುಡ್ಡು ಕೊಡುವ ಮೊದಲೇ ಇವು ಕೈಯಲ್ಲಿರಲಿ.

ಕಾರು ಬಂದ ಎರಡನೇ ವಾರಕ್ಕೇ ಟ್ಯೂನಿಂಗ್ ಆಸೆ ಶುರುವಾಯಿತು, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು. ಈ ಕಾರಿನ ಎಂಜಿನ್ 2.0 ಲೀಟರ್, ನಾಲ್ಕು ಸಿಲಿಂಡರ್, ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಟರ್ಬೊ ಇದೆ. ಕಂಪನಿ ಕೊಡುವುದು 300 ಅಶ್ವಶಕ್ತಿ. ಟರ್ಬೊ ಇಲ್ಲದ ಎಂಜಿನ್‌ಗೆ ಸಾಫ್ಟ್‌ವೇರ್ ಬದಲಿಸಿದರೆ ಸಿಗುವುದು ಅಲ್ಪ. ಟರ್ಬೊ ಇದ್ದರೆ ಕಥೆಯೇ ಬೇರೆ. ಗಾಳಿಯ ಒತ್ತಡ ಸ್ವಲ್ಪ ಏರಿಸಿ, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಮತ್ತು ಕಿಡಿಯ ಸಮಯ ಹೊಂದಿಸಿದರೆ ಸಾಕು. ನಾನು ಮಾತಾಡಿಸಿದ ಟ್ಯೂನರ್ 360 ಮಾಡಿ ಕೊಡುತ್ತೇನೆ ಎಂದರು. ಒಂದು ನಟ್ಟೂ ಬಿಚ್ಚುವುದು ಬೇಡ. ಆಸೆ ಆಗದೆ ಇರುತ್ತದಾ?

ಅವರು ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಒಂದು ಗ್ರಾಫ್ ತೋರಿಸಿದರು. "ಇದು ಯಾವ ಪೆಟ್ರೋಲ್ ಹಾಕಿ ಅಳೆದದ್ದು? ಆ ದಿನ ಸೆಖೆ ಎಷ್ಟಿತ್ತು?" ಎಂದು ಕೇಳಿದೆ. ಗ್ರಾಫ್ ಹೊರದೇಶದ್ದು, ಇಲ್ಲಿಯ ಕಾರಿನದ್ದಲ್ಲ ಎಂದು ಆಗ ಗೊತ್ತಾಯಿತು.

ಈ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಒತ್ತಡ ಮತ್ತು ಬಿಸಿ ಜಾಸ್ತಿಯಾದರೆ ಕಿಡಿಯ ಉರಿ ತಲುಪುವ ಮೊದಲೇ ಉಳಿದ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಇದನ್ನೇ ನಾಕಿಂಗ್ ಎನ್ನುವುದು. ಪಿಸ್ಟನ್ ಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಇದನ್ನು ತಡೆದುಕೊಳ್ಳುವ ಗುಣವೇ ಆಕ್ಟೇನ್. ಈ ಕಾರಿಗೆ ಕಂಪನಿ ಹೇಳುವುದು 98. 2020ರ ಡಿಸೆಂಬರ್‌ನಿಂದ ಮುಂಬೈ, ಪುಣೆಯಲ್ಲಿ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಸಿಗುತ್ತಿದೆ. ಊರೊಳಗೆ ತೊಂದರೆ ಇಲ್ಲ. ಆದರೆ ನನ್ನ ಕನಸು ಕಾರ್ಕಳಕ್ಕೆ ಓಡಿಸಿಕೊಂಡು ಹೋಗುವುದು. ಆ ದಾರಿಯಲ್ಲಿ ಚಿಪಳೂಣ್ ದಾಟಿದ ಮೇಲೆ ನನಗೆ ಸಿಕ್ಕಿದ್ದು ಮಾಮೂಲಿ ಪೆಟ್ರೋಲ್ ಮಾತ್ರ. ಸೆನ್ಸರ್ ಇದೆ, ನಾಕಿಂಗ್ ಗೊತ್ತಾದ ತಕ್ಷಣ ಕಿಡಿಯನ್ನು ತಡ ಮಾಡಿ ಎಂಜಿನ್ ಕಾಪಾಡುತ್ತದೆ, ನಿಜ. ಹಾಗೆ ಮಾಡಿದಾಗ ಕೊಂಡ 60 ಅಶ್ವಶಕ್ತಿಯನ್ನು ಅದೇ ವಾಪಸ್ ಕಿತ್ತುಕೊಳ್ಳುತ್ತದೆ.

ಕಾನೂನು, ವಿಮೆ ಎರಡನ್ನೂ ನೋಡಿದೆ. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ವಿಮೆಯವರಿಗೆ ಹೇಳದೆ ಮಾಡಿಸಿದರೆ ಕ್ಲೇಮ್ ಹೊತ್ತಿಗೆ ಜಗಳ ಖಾತ್ರಿ. ಹಳೆಯ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಒಳಗೆ ಗುರುತು ಉಳಿಯಬಹುದು. ನಾನು ಮಾರುವಾಗ ಇನ್ನೊಬ್ಬರು ಸ್ಕ್ಯಾನರ್ ಹಿಡಿದು ಬರುತ್ತಾರೆ. ಅಂಧೇರಿಯಲ್ಲಿ ನನಗಾದ ಅನುಭವ ಅವರಿಗೆ ನನ್ನಿಂದ ಆಗಬಾರದು.

ರಾತ್ರಿ ಹೋಟೆಲ್ ಮುಚ್ಚುವಾಗ ಅಪ್ಪನಿಗೆ ಇದೆಲ್ಲ ಹೇಳಿದೆ. ಅವರಿಗೆ ಟರ್ಬೊ ಗೊತ್ತಿಲ್ಲ. "ಕಾವಲಿ ಹೆಚ್ಚು ಕಾದ್ರೆ ದೋಸೆ ಬೇಗ ಆಗುವುದಿಲ್ಲ ಮಾರಾಯ, ಕರಟಿ ಹೋಗ್ತದೆ" ಎಂದರು. ನಲವತ್ತು ವರ್ಷ ಕಾವಲಿ ಮುಂದೆ ನಿಂತವರು. ನನಗೆ ಥಟ್ಟನೆ ನೆನಪಾದದ್ದು ಮೇ ತಿಂಗಳ ಸಾಯನ್ ಸಿಗ್ನಲ್. ಅಲ್ಲಿ ನಿಂತಾಗ ಎಂಜಿನ್ ಒಳಗೆ ಹೋಗುವ ಗಾಳಿ 58 ಡಿಗ್ರಿ ತೋರಿಸಿತ್ತು. ಅಟಲ್ ಸೇತು ಮೇಲೆ ಓಡುವಾಗ 41ಕ್ಕೆ ಇಳಿದಿತ್ತು. ಮಾಮೂಲಿ ಸಾಫ್ಟ್‌ವೇರ್‌ನಲ್ಲೇ ಇಷ್ಟು.

ಮರುದಿನ ಟ್ಯೂನರ್‌ಗೆ ಫೋನ್ ಮಾಡಿ ಬೇಡ ಎಂದೆ. ಆ ದುಡ್ಡಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದೆ, ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹೊಸ ಪ್ಲಗ್ ಹಾಕಿಸಿದೆ. ಈ ಕಾರಿನ ಎಂಜಿನ್ ನಡುವೆ ಇದೆ, ರೇಡಿಯೇಟರ್‌ಗಳು ಮುಂದಿನ ಬಂಪರಿನ ಮೂಲೆಗಳಲ್ಲಿ. ಅಣ್ಣ ಬಂಪರ್ ಬಿಚ್ಚಿದರು. ಒಳಗೆ ಒಣಗಿದ ಅಶ್ವತ್ಥದ ಎಲೆಗಳು, ಒಂದು ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿಯ ನೀಲಿ ಮುಚ್ಚಳ, ಮೆತ್ತೆಯಂತೆ ಕೂತ ಧೂಳು. ಬ್ರಷ್ ಹಿಡಿದು ನಾನೇ ಒಂದು ಗಂಟೆ ಕೂತು ತೆಗೆದೆ. ಎಂಜಿನ್ ತಂಪು ಮಾಡುವ ಕೂಲಂಟ್ ಮೊದಲು ಟ್ರಾಫಿಕ್‌ನಲ್ಲಿ 106 ಡಿಗ್ರಿಗೆ ಹೋಗುತ್ತಿತ್ತು, ಈಗ 100 ದಾಟುತ್ತಿಲ್ಲ.

ಮಳೆ ನಿಂತ ಮೇಲೆ ಊರಿಗೆ ಹೊರಡುತ್ತೇವೆ. ಮುಂದಿನ ಡಿಕ್ಕಿ 150 ಲೀಟರ್, ಹಿಂದಿನದು 275. ಬರುವಾಗ ಮುಂದಿನದರಲ್ಲಿ ಕುಚ್ಚಲಕ್ಕಿ ಎಷ್ಟು ಹಿಡಿಸುತ್ತದೆ ಎಂದು ಅಪ್ಪ ಈಗಲೇ ಕೇಳುತ್ತಿದ್ದಾರೆ.